ಮಾಯೆಗೂ ಪ್ರೇಮಕ್ಕೂ ಲೆಕ್ಕ ಬೇಕು

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಮಧ್ಯಾಹ್ನ ಊಟ ಮುಗಿದ ಮೇಲೆ ಭತ್ತದ ಚೀಲಗಳ ನೆರಳಿನಲ್ಲಿ ಕುಳಿತು ನಾನು ಓದುವುದು ಮಾಂತ್ರಿಕರ ಕಥೆ, ಇಲ್ಲವೆ ಪ್ರೇಮಿಗಳ ಕಥೆ. ಕಳೆದ ವಾರ ಗಿರಣಿಗೆ ಬಂದಿದ್ದ ಹಿರಿಯರೊಬ್ಬರು ನನ್ನ ಕೈಯಲ್ಲಿದ್ದ ಪುಸ್ತಕದ ರಟ್ಟನ್ನು ನೋಡಿ, “ಇಷ್ಟು ವಯಸ್ಸಾದ್ರೂ ಇನ್ನೂ ಇದನ್ನ ಓದ್ತೀರೇನ್ರೀ?” ಎಂದು ನಕ್ಕರು. ಆಗ ನಾನೂ ನಕ್ಕು ಸುಮ್ಮನಾದೆ. ಲಾರಿ ಕಾಯುತ್ತಿತ್ತು, ತೂಕದ ಚೀಟಿ ಬರೆಯಬೇಕಿತ್ತು.

ಅವರು ಮೆಚ್ಚುವ ಗಂಭೀರ ಬರಹಕ್ಕೆ ನಾವು ಕೊಟ್ಟಿರುವ ‘ಕಾದಂಬರಿ’ ಎಂಬ ಹೆಸರೇ ಒಬ್ಬ ಗಂಧರ್ವ ಕನ್ಯೆಯದು. ಏಳನೆಯ ಶತಮಾನದಲ್ಲಿ ಹರ್ಷನ ಆಸ್ಥಾನದಲ್ಲಿದ್ದ ಬಾಣ ಸಂಸ್ಕೃತದಲ್ಲಿ ಆರಂಭಿಸಿ ಮುಗಿಸದೆ ತೀರಿಕೊಂಡ, ಅವನ ಮಗ ಪೂರ್ಣಗೊಳಿಸಿದ, ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ನಾಗವರ್ಮ ಕನ್ನಡಕ್ಕೆ ತಂದ ಆ ಕಥೆಯಲ್ಲಿ ಮಾತನಾಡುವ ಗಿಳಿಯಿದೆ, ಶಾಪವಿದೆ, ಜನ್ಮಾಂತರವಿದೆ, ಪ್ರೇಮವಂತೂ ಮೊದಲಿನಿಂದ ಕೊನೆಯವರೆಗೂ ಇದೆ. ಹೀಗಿರುವಾಗ ಮಾಯೆ ಮತ್ತು ಪ್ರೇಮವನ್ನು ಮಕ್ಕಳ ಹಾಗೂ ಹೆಣ್ಣುಮಕ್ಕಳ ಓದೆಂದು ಪಕ್ಕಕ್ಕೆ ಸರಿಸುವುದು ನನಗೆ ಸ್ವಲ್ಪ ವಿಚಿತ್ರವಾಗಿ ಕಾಣುತ್ತದೆ.

ಆದರೆ ಈ ಬಗೆಯ ಪುಸ್ತಕಗಳೆಲ್ಲ ಒಳ್ಳೆಯವೆಂದು ನಾನು ವಾದಿಸುತ್ತಿಲ್ಲ. ಬಹಳಷ್ಟು ಕೆಟ್ಟದಾಗಿವೆ. ಅವುಗಳಲ್ಲಿ ಇರುವುದು ಸುಳ್ಳು ಎಂಬುದು ನನ್ನ ದೂರಲ್ಲ. ಆ ಸುಳ್ಳಿಗೆ ಲೆಕ್ಕವಿಲ್ಲ ಎಂಬುದು ನನ್ನ ದೂರು. ನಮ್ಮ ಗಿರಣಿಯಲ್ಲಿ ಒಂದು ಕ್ವಿಂಟಲ್ ಭತ್ತ ಒಳಗೆ ಹೋದರೆ 65 ಕಿಲೊ ಆಸುಪಾಸಿನಲ್ಲಿ ಅಕ್ಕಿ ಬರುತ್ತದೆ, ಉಳಿದದ್ದು ತೌಡು ಮತ್ತು ಹೊಟ್ಟು. ಕಥೆಗಾರ ತನ್ನ ಲೋಕದಲ್ಲಿ ನೂರಕ್ಕೆ ಇನ್ನೂರು ಕಿಲೊ ಬರುತ್ತದೆ ಎಂದರೂ ನಾನು ಒಪ್ಪುತ್ತೇನೆ, ಆದರೆ ಹತ್ತನೆಯ ಅಧ್ಯಾಯದಲ್ಲಿ ಅದೇ ಗಿರಣಿಯ ಊರು ಹಸಿವಿನಿಂದ ಸತ್ತರೆ ಒಪ್ಪುವುದಿಲ್ಲ.

ಬಾಣನಿಗೆ ಈ ಲೆಕ್ಕ ತಿಳಿದಿತ್ತು. ಕಾದಂಬರಿಯ ಗೆಳತಿ ಮಹಾಶ್ವೇತೆಯ ಇನಿಯ ಪುಂಡರೀಕ ಸತ್ತಿದ್ದಾನೆ. ಅವನೇ ಇನ್ನೊಂದು ಜನ್ಮದಲ್ಲಿ ಬಂದು ಅವಳೆದುರು ಪ್ರೇಮ ಹೇಳಿಕೊಳ್ಳುತ್ತಾನೆ. ಗುರುತು ಸಿಗದ ಅವಳು ಸಿಟ್ಟಿನಿಂದ ಅವನು ಗಿಳಿಯಾಗಲೆಂದು ಶಪಿಸುತ್ತಾಳೆ. ತನ್ನ ನಿಷ್ಠೆಯಿಂದಲೇ ಅವಳು ತನ್ನವನನ್ನು ಮತ್ತೊಮ್ಮೆ ಕಳೆದುಕೊಳ್ಳುತ್ತಾಳೆ. ಆ ಲೋಕದಲ್ಲಿ ಶಾಪಕ್ಕೆ ಬೆಲೆ ಇದೆ ಮತ್ತು ಅದನ್ನು ಶಪಿಸಿದವಳೇ ತೆರುತ್ತಾಳೆ.

‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಅನ್ನು ನಾನು ಇಂಗ್ಲಿಷಿನಲ್ಲಿ, ನಿಘಂಟನ್ನು ಪಕ್ಕಕ್ಕಿಟ್ಟುಕೊಂಡು, ಒಂದು ಮಳೆಗಾಲ ಪೂರ್ತಿ ಓದಿದೆ. 1954ರಿಂದ 1955ರ ನಡುವೆ ಮೂರು ಸಂಪುಟಗಳಲ್ಲಿ ಬಂದ ಆ ಕಥೆಯನ್ನು ಬರೆಯುವಾಗ ಟೋಲ್ಕಿನ್ ಪಾತ್ರಗಳು ನಡೆಯುವ ದೂರವನ್ನೂ ದಿನಗಳನ್ನೂ ಚಂದ್ರನ ಕಲೆಗಳನ್ನೂ ಹೊಂದಿಸಿ ನೋಡುತ್ತಿದ್ದರು. ತಾಳೆಯಾಗದಿದ್ದಾಗ ಕಥೆಯನ್ನೇ ತಿದ್ದುತ್ತಿದ್ದರು. ನಡುನಡುವಿನ ಹಾಡುಗಳನ್ನು ನಾನು ಹಾರಿಸಿ ಓದಿದ್ದೇನೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಗೆದ್ದು ಊರಿಗೆ ಮರಳಿದ ಕಥಾನಾಯಕ ಫ್ರೋಡೊ ಹಳೆಯ ಗಾಯ ಮಾಯದೆ ತನ್ನ ಮನೆಯಲ್ಲೇ ನಿಲ್ಲಲಾರದೆ ಹೊರಟುಹೋಗುವ ಭಾಗವನ್ನು ಓದಿದ ದಿನ ಗಿರಣಿಯ ದಿನವಹಿಯಲ್ಲಿ ಎರಡು ಕಡೆ ತಪ್ಪು ಬರೆದೆ.

ಹ್ಯಾರಿ ಪಾಟರ್ ಪುಸ್ತಕಗಳ ಮಾಂತ್ರಿಕರ ನಾಣ್ಯಗಳಲ್ಲಿ 29 ನಟ್‌ಗೆ ಒಂದು ಸಿಕಲ್, 17 ಸಿಕಲ್‌ಗೆ ಒಂದು ಗ್ಯಾಲಿಯನ್, ಅಂದರೆ ಒಂದು ಚಿನ್ನದ ನಾಣ್ಯಕ್ಕೆ 493 ನಟ್. ಇದನ್ನು ಓದಿ ನನಗಾದ ಸಂತೋಷ ಲೆಕ್ಕ ಬರೆಯುವವರಿಗೆ ಮಾತ್ರ ಅರ್ಥವಾದೀತು. ಆದರೂ ಮಾಯೆ ಬಲ್ಲ ಕುಟುಂಬವೊಂದು ಬಡತನದಲ್ಲಿ ಏಕಿದೆ ಎಂಬ ಪ್ರಶ್ನೆ ಉಳಿದೇ ಇತ್ತು. ಶೂನ್ಯದಿಂದ ಅನ್ನವನ್ನು ಸೃಷ್ಟಿಸಲಾಗದು ಎಂಬ ನಿಯಮವನ್ನು ಲೇಖಕಿ 2007ರಲ್ಲಿ ಬಂದ ಏಳನೆಯ, ಕೊನೆಯ ಪುಸ್ತಕದಲ್ಲಿ ಹೇಳುತ್ತಾರೆ. ತಡವಾಯಿತು ಎಂಬುದು ನನ್ನ ಅಭಿಪ್ರಾಯ.

ಇತ್ತೀಚೆಗೆ ನಾನು ಓದಿದ ಕೆಲವು ಕನ್ನಡ ಫ್ಯಾಂಟಸಿಗಳಲ್ಲಿ ಹಿಮ ಬೀಳುತ್ತದೆ, ಪೈನ್ ಮರಗಳಿವೆ, ರೆಕ್ಕೆಯ ಡ್ರ್ಯಾಗನ್ ಇದೆ. ನಮ್ಮದೇ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡದ ಮೇಲೆ ಎರಡು ಸಾವಿರ ವರ್ಷಗಳಿಗೂ ಹಿಂದಿನ ನೂರಾರು ಕಲ್ಲಿನ ಗೋರಿಗಳಿವೆ. ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ, ಪಕ್ಕದ ಕಲ್ಲಿನಲ್ಲಿ ದುಂಡಗಿನ ಕಿಂಡಿ ಕೊರೆದಿದ್ದಾರೆ. ಜನ ಅವನ್ನು ಮೋರ್ಯರ ಮನೆಗಳೆನ್ನುತ್ತಾರೆ, ಅಲ್ಲಿ ಕುಳ್ಳ ಜನ ವಾಸವಾಗಿದ್ದರೆಂದು ಹೇಳುತ್ತಾರೆ. ಅಲ್ಲೇ ಬಂಡೆಯೊಂದರ ಮೇಲೆ ನಗಾರಿಯಂಥ ದೊಡ್ಡ ಕಲ್ಲಿದೆ, ಬಡಿದರೆ ಸದ್ದು ದೂರಕ್ಕೆ ಕೇಳುತ್ತದೆ. ನಾನೊಮ್ಮೆ ಏಪ್ರಿಲ್‌ನಲ್ಲಿ ಹತ್ತಿ ಕಿಂಡಿಯೊಳಗೆ ಕೈ ಹಾಕಿದಾಗ ಹೊರಗಿನ ಕಲ್ಲು ಮುಟ್ಟಲಾಗದಷ್ಟು ಕಾದಿತ್ತು, ಒಳಗಿನದು ತಣ್ಣಗಿತ್ತು. ಹಿಮವನ್ನು ಕಾಣದ ಲೇಖಕ ಹಿಮವನ್ನು ಬರೆಯಬಾರದೆಂದಲ್ಲ. ಆದರೆ ಅವನ ಹಿಮದಲ್ಲಿ ಯಾರಿಗೂ ಚಳಿಯಾಗುವುದಿಲ್ಲ.

ಪ್ರೇಮ ಕಾದಂಬರಿಗಳು ನನಗೆ ಪರಿಚಯವಾದದ್ದು ಅಕ್ಕನಿಂದ. ಅವಳು ಬಾಡಿಗೆ ಪುಸ್ತಕದ ಅಂಗಡಿಯಿಂದ ತಂದು ದಿಂಬಿನ ಕೆಳಗಿಡುತ್ತಿದ್ದ ಪ್ರತಿಗಳ ಅಂಚಿನಲ್ಲಿ ಹಿಂದಿನ ಯಾರೋ ಓದುಗರು ಪೆನ್ಸಿಲಿನಲ್ಲಿ “ಅಳಬೇಡಿ, ಕೊನೆಗೆ ಸೇರುತ್ತಾರೆ” ಎಂದು ಬರೆದಿರುತ್ತಿದ್ದರು. ಹಾಗೆ ಸೇರದ ಕಥೆಯೆಂದರೆ ತ್ರಿವೇಣಿಯವರ ‘ಬೆಳ್ಳಿಮೋಡ’. ಇಂದಿರೆಗೆ ತಮ್ಮ ಹುಟ್ಟುತ್ತಾನೆ, ಎಸ್ಟೇಟ್ ಅವಳಿಗೆ ಸಿಗದೆಂದು ತಿಳಿದು ಅವಳನ್ನು ಮದುವೆಯಾಗಬೇಕಿದ್ದ ಮೋಹನ ಹಿಂದೆ ಸರಿಯುತ್ತಾನೆ, ಕಾಲು ಮುರಿದು ಬಿದ್ದಾಗ ಅವಳ ಆರೈಕೆ ಪಡೆದು ಮನಸ್ಸು ಬದಲಿಸಿ ಕೇಳುತ್ತಾನೆ, ಅವಳು ಒಲ್ಲೆನೆನ್ನುತ್ತಾಳೆ. ಪ್ರೇಮದಲ್ಲಿ ಆಸ್ತಿಯ ಲೆಕ್ಕ ಹಾಕಿದವನ ಖಾತೆಯನ್ನು ಅಷ್ಟು ಶಾಂತವಾಗಿ ಮುಚ್ಚಿದ ನಾಯಕಿಯನ್ನು ನಾನು ಮತ್ತೆ ಕಂಡಿಲ್ಲ.

ಈಗ ಮೊಬೈಲ್ ಆ್ಯಪ್‌ಗಳಲ್ಲಿ ಬರುವ ಧಾರಾವಾಹಿಗಳ ನಾಯಕನಿಗೆ ಇಪ್ಪತ್ತೆಂಟು ವಯಸ್ಸು, ಸಾವಿರಾರು ಕೋಟಿಯ ಕಂಪನಿ, ಮೂಗಿನ ತುದಿಯಲ್ಲಿ ಸಿಟ್ಟು. ಆ ಕಂಪನಿ ಏನನ್ನು ತಯಾರಿಸುತ್ತದೆ ಎಂಬುದು ಇನ್ನೂರು ಕಂತು ಮುಗಿದರೂ ತಿಳಿಯುವುದಿಲ್ಲ. ಅದನ್ನು ನಗುತ್ತಾ ಸಹಿಸಬಹುದು. ಅವನು ಅವಳ ಕೈ ತಿರುಚುವುದನ್ನು, ಅವಳ ಫೋನ್ ಕಸಿಯುವುದನ್ನು, ಬೇಡವೆಂದರೂ ಹಿಂಬಾಲಿಸುವುದನ್ನು ಪ್ರೀತಿಯ ಆಳವೆಂದು ಬಣ್ಣಿಸುವುದನ್ನು ಸಹಿಸಲಾಗದು. ಅಂಥ ಗಂಡಸು ನಮ್ಮ ಓಣಿಯಲ್ಲಿದ್ದರೆ ಅವನ ಹೆಂಡತಿ ತವರಿಗೆ ಬಂದು ಕುಳಿತಿರುತ್ತಾಳೆ.

ಇದನ್ನೆಲ್ಲ ಬರೆದು ಮೊದಲು ಅಕ್ಕನಿಗೆ ಓದಿ ಹೇಳಿದೆ. ಅವಳು ಅದೇ ಧಾರಾವಾಹಿಗಳನ್ನು ದಿನವೂ ಓದುತ್ತಾಳೆ. ಕೈ ತಿರುಚುವ ವಿಷಯಕ್ಕೆ ಹೂಂ ಎಂದಳು, ಉಳಿದದ್ದಕ್ಕೆ, “ಹಗಲೆಲ್ಲಾ ಎಣ್ಣಿ, ಬ್ಯಾಳಿ, ಸಾಲಿ ಫೀಜು ಅಂತ ಲೆಕ್ಕಾನ ಮಾಡಿರ್ತೀನಿ. ರಾತ್ರಿ ಹತ್ತಕ್ಕರ ಲೆಕ್ಕ ಇಲ್ದಂಗ ಓದಾಕ ಬಿಡೋ ತಮ್ಮಾ” ಎಂದಳು. ಅವಳಿಗೆ ಕೊಡಲು ನನ್ನ ಬಳಿ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಫೋನಿನಿಂದ ತಲೆಯೆತ್ತಿ, ಆ ಕಂಪನಿ ಸಿಮೆಂಟಿನದಂತೆ, ಇವತ್ತಿನ ಕಂತಿನಲ್ಲಿ ಬಂದಿದೆ ಎಂದು ತಿಳಿಸಿದಳು.