ಈ ಕೆಸರು ಯಾವ ಊರಿನದು?

ಸ್ಕೇಲ್ ಮಾಡೆಲ್ ಟ್ಯಾಂಕುಗಳ, ಅಂದರೆ ನಿಜವಾದ ಟ್ಯಾಂಕನ್ನು ಅಳತೆಗೆ ತಕ್ಕಂತೆ ಕುಗ್ಗಿಸಿದ ಪ್ಲಾಸ್ಟಿಕ್ ಮಾದರಿಗಳ ಚಿತ್ರ ಕಂಡಾಗಲೆಲ್ಲ ನನಗೆ ಕೇಳಬೇಕೆನಿಸುವ ಪ್ರಶ್ನೆ ಒಂದೇ: ಇದಕ್ಕೆ ಮೆತ್ತಿರುವ ಕೆಸರು ಯಾವ ಊರಿನದು? ಹೆಚ್ಚಿನವರ ಬಳಿ ಉತ್ತರವಿರುವುದಿಲ್ಲ. ವಾರಗಟ್ಟಲೆ ಕುಳಿತು ಕಿಟ್ ಜೋಡಿಸುತ್ತಾರೆ, ಅಚ್ಚುಕಟ್ಟಾಗಿ ಬಣ್ಣ ಹೊಡೆಯುತ್ತಾರೆ, ಕೊನೆಗೆ ಯಾವುದೋ ವಿಡಿಯೊ ನೋಡಿಕೊಂಡು ನೆತ್ತಿಯಿಂದ ಚಕ್ರದವರೆಗೆ ಕಿತ್ತಳೆ ಬಣ್ಣದ ತುಕ್ಕು ಬಳಿಯುತ್ತಾರೆ. ಕೆಳಗೆ ‘ಎಷ್ಟು ನೈಜವಾಗಿದೆ’ ಎಂಬ ಮೆಚ್ಚುಗೆ ಬೇರೆ. ನನಗೆ ಮಾತ್ರ ಅದು ಗುಜರಿ ಅಂಗಡಿಯ ಮಾಲಿನಂತೆ ಕಾಣುತ್ತದೆ.

ಸೈನ್ಯದಿಂದ ನಿವೃತ್ತರಾದವರು ಪ್ರತಿ ಕುಟುಂಬದಲ್ಲೂ ಒಬ್ಬಿಬ್ಬರು ಸಿಗುವ ಜಿಲ್ಲೆ ನಮ್ಮ ಕೊಡಗು. ಟ್ಯಾಂಕುಗಳ ನಡುವೆಯೇ ನೌಕರಿ ಮುಗಿಸಿ ಬಂದ ನನ್ನ ಮಾವನಿಗೆ ಇಂಥದ್ದೊಂದು ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದೆ. ಕನ್ನಡಕ ಸರಿಪಡಿಸಿಕೊಂಡು ನೋಡಿದರು. “ಗಾಡಿಯನ್ನು ಈ ಸ್ಥಿತಿಗೆ ತಂದಿದ್ದರೆ ನಮ್ಮ ಸಾಹೇಬರು ನಮ್ಮ ಚರ್ಮ ಸುಲಿಯುತ್ತಿದ್ದರು ಮಾರಾಯ” ಎಂದರು. ಅಷ್ಟೇ ವಿಮರ್ಶೆ. ಓಡುತ್ತಿರುವ ಟ್ಯಾಂಕಿಗೆ ಧೂಳು ಹಿಡಿಯುತ್ತದೆ, ಎಣ್ಣೆ ಸೋರುತ್ತದೆ, ಬಣ್ಣ ಸವೆಯುತ್ತದೆ. ತುಕ್ಕು ಹಿಡಿಯುವ ಜಾಗಗಳು ಕೆಲವೇ. ಸೋವಿಯತ್ ಮೂಲದ ಟಿ-55 ಟ್ಯಾಂಕಿನಲ್ಲಿ ಹೊಗೆ ಹೊರಬರುವುದು ಎಡಗಡೆಯ ಮಡ್‌ಗಾರ್ಡಿನ ಬಳಿ; ಅಲ್ಲಿ ಶಾಖಕ್ಕೆ ಬಣ್ಣ ಸುಟ್ಟು ತುಕ್ಕೂ ಮಸಿಯೂ ಬೆರೆತರೆ ಒಪ್ಪುತ್ತದೆ. ಬಲಗಡೆ ಇಂಧನ ತುಂಬುವ ಮುಚ್ಚಳಗಳ ಸುತ್ತ ಡೀಸೆಲ್ ಚೆಲ್ಲಿದ ಕಪ್ಪು ಹೊಳಪು ಬರಬೇಕು. ಟ್ರ್ಯಾಕ್, ಅಂದರೆ ಚಕ್ರಗಳನ್ನು ಸುತ್ತುವ ಕೊಂಡಿಗಳ ಪಟ್ಟಿ, ನೆಲಕ್ಕೆ ಉಜ್ಜುವ ಕಡೆ ಉಕ್ಕು ಮಿನುಗಬೇಕು. ಪೆನ್ಸಿಲಿನ ಸೀಸದ ಪುಡಿಯನ್ನು ಬೆರಳಿನಿಂದ ತಿಕ್ಕಿದರೆ ಸಾಕು. ಚಕ್ರದ ಅಂಚಿನ ರಬ್ಬರಿಗೂ ತುಕ್ಕು ಬಳಿಯುವವರಿದ್ದಾರೆ. ಅವರಿಗೆ ಏನು ಹೇಳುವುದು?

ಇದರ ಜೊತೆಗೆ ಲೆಕ್ಕವೂ ಇದೆ. 1:35 ಪ್ರಮಾಣದ ಮಾಡೆಲಿನಲ್ಲಿ ಒಂದು ಮಿಲಿಮೀಟರ್ ಎಂದರೆ ನಿಜದಲ್ಲಿ ಮೂರೂವರೆ ಸೆಂಟಿಮೀಟರ್. ಸ್ಪಂಜಿನಿಂದ ಕುಟ್ಟಿ ಮೂಡಿಸುವ ಎರಡು ಮಿಲಿಮೀಟರ್ ಚುಕ್ಕೆ ನಿಜವಾದ ಟ್ಯಾಂಕಿನ ಮೇಲೆ ಅಂಗೈಯಗಲದ ಗಾಯವಾಗುತ್ತದೆ. ಅಂಥವು ನೂರಿದ್ದರೆ ಆ ಟ್ಯಾಂಕು ಎಲ್ಲಿಂದ ಉರುಳಿ ಬಿತ್ತೆಂದು ಕೇಳಬೇಕಾಗುತ್ತದೆ.

ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ 2021ರಲ್ಲಿ ವಸ್ತುಸಂಗ್ರಹಾಲಯವಾಯಿತಲ್ಲ, ಅಲ್ಲಿ ಟಿ-55 ನಿಂತಿದೆ. ಮಾಡೆಲ್ ಕಟ್ಟುವವರಿಗೆ ಇದಕ್ಕಿಂತ ದೊಡ್ಡ ಭಾಗ್ಯ ಬೇಕೆ? ಮೊದಲ ಮತ್ತು ಎರಡನೆಯ ಚಕ್ರಗಳ ನಡುವಿನ ಅಂತರ, ತೋಪು ಹೊತ್ತು ತಿರುಗುವ ಎರಕದ ಗೋಪುರದ (ಟರೆಟ್) ಒರಟು ಮೈ, ಬೆಸುಗೆಯ ಉಬ್ಬು, ಎಲ್ಲವನ್ನೂ ಕಣ್ಣಾರೆ ನೋಡಬಹುದು. ಆದರೆ ಅದು ಪ್ರದರ್ಶನಕ್ಕಿಟ್ಟ ಟ್ಯಾಂಕು. ಆಕಾರಕ್ಕೆ ಅದನ್ನು ನಂಬಿ, ಕೊಳೆಗೆ ನಂಬಬೇಡಿ. ನಮ್ಮವರು ಜಾರುವುದು ಇಲ್ಲೇ. ಕಣ್ಣೆದುರು ಕೊಡಗಿನ ಕೆಂಪು ಮಣ್ಣಿದೆ. ಜರಡಿ ಹಿಡಿದರೆ ಮಾಡೆಲಿಗೆ ಮೆತ್ತುವ ಬಣ್ಣದ ಪುಡಿ ಪುಕ್ಕಟೆ. ಅದನ್ನೇ ತಂದು 1971ರ ಯುದ್ಧದಲ್ಲಿ ಜಮ್ಮುವಿನ ಛಂಬ್ ರಣರಂಗದಲ್ಲಿ ಕಾದಿದ ಟಿ-55ಕ್ಕೆ ಮೆತ್ತಿಬಿಡುತ್ತಾರೆ. ಉತ್ತರದ ಬಯಲಿನ ಮೆಕ್ಕಲು ಮಣ್ಣು ಮಸುಕು ಬೂದು, ಡಿಸೆಂಬರಿನಲ್ಲಿ ಒಣಧೂಳು. ಅಲ್ಲಿ ಕಾದಿದ ಟ್ಯಾಂಕಿನ ಮೈಮೇಲೆ ನಾಪೋಕ್ಲು ರಸ್ತೆಯ ಕೆಸರು ಹೇಗೆ ಬಂತು?

ಊರಿನಿಂದ ತೆಗೆದುಕೊಳ್ಳಬೇಕಾದದ್ದು ಕೆಸರಿನ ಬಣ್ಣವನ್ನಲ್ಲ, ಅದು ಕೂರುವ ರೀತಿಯನ್ನು. ಕಾಫಿ ಕೊಯ್ಲಿನ ಸಮಯದಲ್ಲಿ ಮೂಟೆ ಹೊರುವ ಪಿಕಪ್ಪಿನ ಹಿಂಬಾಗಿಲನ್ನು ಹತ್ತಿರ ಹೋಗಿ ನೋಡಿ. ಬಾಗಿಲಿನ ಸರಪಳಿ ತೂಗಾಡಿ ತೂಗಾಡಿ ಬಣ್ಣದ ಮೇಲೆ ಬಿಲ್ಲಿನಾಕಾರದ ಗೀರು ಬಿದ್ದಿರುತ್ತದೆ. ಗೀರಿನ ನಡುವೆ ತಗಡು ಹೊಳೆಯುತ್ತದೆ, ಅಂಚಿನಲ್ಲಿ ಕಂದು ಗೆರೆ, ಅದರಿಂದ ಕೆಳಕ್ಕೆ ಮಳೆನೀರು ಎಳೆದ ಕೂದಲೆಳೆಯಷ್ಟು ತೆಳುವಾದ ಕಲೆ. ಕಾಲಿಟ್ಟು ಹತ್ತುವ ಕಡೆ ಮಾತ್ರ ಬಣ್ಣ ಪೂರ್ತಿ ಹೋಗಿರುತ್ತದೆ. ಒಂದು ಗೇಣು ಆಚೆ ಬಣ್ಣ ಹೊಸದರಂತಿರುತ್ತದೆ. ಟ್ಯಾಂಕಿನ ಸಿಬ್ಬಂದಿಯೂ ಎಲ್ಲೆಂದರಲ್ಲಿ ಕಾಲಿಡುವುದಿಲ್ಲ. ಅವರು ಹತ್ತಿಳಿಯುವ ದಾರಿಯನ್ನು ಮನಸ್ಸಿನಲ್ಲೇ ನಡೆದು ನೋಡಿ, ಆಮೇಲೆ ಬ್ರಷ್ ಹಿಡಿಯಿರಿ.

ನಮ್ಮ ಮಳೆಗಾಲದ ಬಗ್ಗೆಯೂ ಒಂದು ಮಾತು. ಜಡಿಮಳೆಯ ಕಕ್ಕಡದ ತಿಂಗಳಲ್ಲಿ (ಜುಲೈ–ಆಗಸ್ಟ್) ಲ್ಯಾಕರ್ ವಾರ್ನಿಷ್ ಮುಟ್ಟಲೇಬೇಡಿ. ಗಾಳಿಯ ತೇವ ಸೇರಿ ಮೇಲೆ ಬಿಳಿ ಮಬ್ಬು ಕಟ್ಟುತ್ತದೆ. ಕಂಪ್ರೆಸರಿನ ಪೈಪಿನಲ್ಲೂ ನೀರು ನಿಂತು, ಬಣ್ಣ ಸಿಂಪಡಿಸುವ ಏರ್‌ಬ್ರಷ್ ನೀರು ಉಗುಳುತ್ತದೆ. ಅದೂ ವಿದ್ಯುತ್ ಇದ್ದರೆ. ನಾನು ಆ ದಿನಗಳನ್ನು ಟ್ರ್ಯಾಕಿನ ಕೊಂಡಿಗಳನ್ನು ಕತ್ತರಿಸಿ ಜೋಡಿಸಲು ಮೀಸಲಿಡುತ್ತೇನೆ. ಆಯುಧ ಪೂಜಿಸುವ ನಮ್ಮ ಹಬ್ಬ ಕೈಲ್ ಮುಹೂರ್ತದ ಹೊತ್ತಿಗೆ ಬಿಸಿಲು ಇಣುಕಿದರೆ ಬಣ್ಣದ ಕೆಲಸ. ಹಬ್ಬದ ದಿನ ಕೋವಿಗೆ ತೋಕ್ ಪೂ (ಕೋವಿ ಹೂ) ಇಡುವಾಗ ಮನೆಯ ಮಕ್ಕಳು ನನ್ನ ಪ್ಲಾಸ್ಟಿಕ್ ಟ್ಯಾಂಕಿಗೂ ಒಂದು ಎಸಳು ಸಿಕ್ಕಿಸುತ್ತಾರೆ. ನಾನು ತಡೆಯುವುದಿಲ್ಲ, ಮೇಲೆ ಬಳಿದ ತೆಳು ಬಣ್ಣ (ವಾಶ್) ಒಣಗಿದ್ದರೆ.

ಈಗ ಮೇಜಿನ ಮೇಲಿರುವುದು ಸ್ಟುವರ್ಟ್. 1948ರ ನವೆಂಬರ್ 1ರಂದು ಕಾಶ್ಮೀರದ ಜೋಜಿಲಾ ಕಣಿವೆಮಾರ್ಗಕ್ಕೆ ನುಗ್ಗಿದ ನಮ್ಮ ಸೈನ್ಯದ 7ನೇ ಲೈಟ್ ಕ್ಯಾವಲ್ರಿ ರೆಜಿಮೆಂಟಿನ ಹಗುರ ಟ್ಯಾಂಕು. ಆ ದಾಳಿಯ ಹಿಂದೆ ಇದ್ದವರು ನಮ್ಮ ತಿಮ್ಮಯ್ಯನವರೇ. ಹನ್ನೊಂದು ಸಾವಿರ ಅಡಿಗೂ ಮೇಲೆ ಟ್ಯಾಂಕು ಬರುತ್ತದೆಂದು ಎದುರಾಳಿ ಎಣಿಸಿಯೇ ಇರಲಿಲ್ಲ. ಸುದ್ದಿ ಹೊರಬೀಳದಂತೆ ಟರೆಟ್ ಕಳಚಿ ಸಾಗಿಸಿದ್ದರು. ಬಾಲ್ತಾಲ್‌ನಿಂದ ಮೇಲಕ್ಕೆ ಹೇಸರಗತ್ತೆಯ ಹಾದಿಯನ್ನು ಸೈನ್ಯದ ಎಂಜಿನಿಯರ್‌ಗಳಾದ ಮದ್ರಾಸ್ ಸ್ಯಾಪರ್ಸ್ ಪಡೆ ಅಗಲ ಮಾಡಿಕೊಟ್ಟಿತ್ತು. ಕಳಚಿ ಕೂಡಿಸಿದ ಟರೆಟ್ ಎಂದಮೇಲೆ ಅದರ ಬುಡದ ಸುತ್ತ, ಕೊಂಡಿ ಸಿಕ್ಕಿಸಿ ಎತ್ತಿದ ಕಡೆ, ಹೊಸ ಗೀರುಗಳು ನ್ಯಾಯವಾಗಿಯೇ ಇರಬೇಕು. ಕೆಳಭಾಗಕ್ಕೆ ಕಲ್ಲುಪುಡಿಯ ಬೂದು, ಕರಗಿದ ಹಿಮದ ಕಪ್ಪು ಒದ್ದೆ. ಕೆಂಪು ಒಂದು ಚಿಟಿಕೆಯೂ ಇಲ್ಲ.

ಹಿಮಕ್ಕೆ ಅಡುಗೆ ಸೋಡಾ ಬಳಸುವ ಆಸೆ ನನಗಿಲ್ಲ, ಅದು ಕಾಲಕ್ರಮೇಣ ಹಳದಿಗೆ ತಿರುಗುತ್ತದೆ. ಗಾಜಿನ ಸಣ್ಣ ಮಣಿಗಳ ಪುಡಿಯನ್ನು ಅಂಟಿನಲ್ಲಿ ಕಲಸಿ ನಮ್ಮ ಹವೆಯಲ್ಲಿ ಒಣಗಿಸಿದವರು ಯಾರಾದರೂ ಇದ್ದರೆ ಕೆಳಗೆ ತಿಳಿಸಿ. ಅಂಗಡಿಯಲ್ಲಿ ಸಿಗುವ ಡಬ್ಬಿಗಳ ಬೆಲೆ ಕೇಳಿದ ಮೇಲೆ ಈ ಪ್ರಶ್ನೆ.