ದೆವ್ವದ ಸಿನಿಮಾಕ್ಕೆ ಹೊರಟ ಸ್ವಾಮಿ

ಹೆದರುವುದಕ್ಕೂ ಒಂದು ನೆಮ್ಮದಿ ಬೇಕು ಮಾರಾಯ್ರೆ. ದೆವ್ವದ ಸಿನಿಮಾದ ಹುಚ್ಚು ಇರುವವರಿಗೆ ಮಾತ್ರ ಈ ಕಷ್ಟ ಅರ್ಥವಾಗುತ್ತದೆ. ಮನೆಯಲ್ಲೇ ನೋಡೋಣ ಅಂದ್ರೆ ನಮ್ಮ ಕಾಸರಗೋಡಿನ ಬದಿಯಡ್ಕ ಕಡೆಯ ಮನೆಗಳಲ್ಲಿ ಅದು ಆಗಿಹೋಗುವ ಮಾತಲ್ಲ. ರಾತ್ರಿ ಲೈಟ್ ಆರಿಸಿ, ಇಯರ್‌ಫೋನ್ ಸಿಕ್ಕಿಸಿಕೊಂಡು, ನಾಯಕಿ ಅಟ್ಟದ ಮೆಟ್ಟಿಲು ಹತ್ತುತ್ತಿರುವ ಹೊತ್ತಿಗೆ ಸರಿಯಾಗಿ ಅಮ್ಮ ಹಿಂದಿನಿಂದ ಬಂದು ಹೆಗಲು ಮುಟ್ಟಿ, "ಅಂಗಳದ ಅಡಿಕೆಗೆ ಟಾರ್ಪಾಲು ಹೊದೆಸಿದ್ದೀಯಾ?" ಎಂದು ಕೇಳುತ್ತಾರೆ. ನಾನು ಕಿರುಚುವುದು ಆಗ. ಸಿನಿಮಾಕ್ಕಲ್ಲ.

ಅಜ್ಜಿಯ ಜೊತೆ ನೋಡುವುದಂತೂ ಬೇಡವೇ ಬೇಡ. ತೋಟದ ಮೂಲೆಯ ಗುಳಿಗ ದೈವದ ಕಲ್ಲಿಗೆ ವರ್ಷಾವರ್ಷ ತಂಬಿಲದ ಸೇವೆ ಕೊಟ್ಟುಕೊಂಡು ಬಂದವರು ಅವರು. ಕಾಣದವರ ಜೊತೆ ಅವರಿಗೆ ಲೆಕ್ಕಾಚಾರ ಸರಿ ಉಂಟು, ಬಾಕಿ ಇಲ್ಲ. ಪರದೆಯ ಮೇಲೆ ಬಿಳಿ ಸೀರೆಯ ಹೆಂಗಸು ಕೂದಲು ಬಿಟ್ಟುಕೊಂಡು ಗೋಡೆ ಹತ್ತುತ್ತಿದ್ದರೆ ಅಜ್ಜಿ ಕನ್ನಡಕ ಸರಿಮಾಡಿಕೊಂಡು, "ಪಾಪ, ಇವಳಿಗೆ ಮನೆಯವರು ಏನೂ ಬಡಿಸುವುದಿಲ್ಲ ಅಂತ ಕಾಣ್ತದೆ" ಎಂದು ಮರುಗುತ್ತಾರೆ. ಅಲ್ಲಿಗೆ ಮುಗಿಯಿತು. ಆಮೇಲೆ ಆ ದೆವ್ವವನ್ನು ನೋಡಿದಾಗಲೆಲ್ಲ ಒಂದು ತಟ್ಟೆ ಅವಲಕ್ಕಿ ಕೊಡಬೇಕು ಅನಿಸುತ್ತದೆಯೇ ಹೊರತು ಹೆದರಿಕೆ ಆಗುವುದಿಲ್ಲ.

ಹಾಗಾಗಿ ಥಿಯೇಟರೇ ಗತಿ. ಕಾಸರಗೋಡಿನಲ್ಲಿ ಥಿಯೇಟರ್ ಇಲ್ಲ ಅಂತಲ್ಲ, ಅಲ್ಲಿ ಓಡುವುದು ಹೆಚ್ಚಾಗಿ ಮಲಯಾಳಂ. ಕನ್ನಡ ಸಿನಿಮಾ ಬಿಡುಗಡೆಯ ದಿನವೇ ಬೇಕು ಅಂದ್ರೆ ನಾವು ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋಗಬೇಕು. ಅಂಥದ್ದರಲ್ಲಿ ಮಂಗಳೂರಿನಲ್ಲಿ ಕೆಲಸದಲ್ಲಿರುವ ಗೆಳೆಯನೊಬ್ಬ ಫೋನ್ ಮಾಡಿ, ಒಂದು ಕನ್ನಡ ಹಾರರ್ ಸಿನಿಮಾದ ಪ್ರೀಮಿಯರ್ ಶೋ ಉಂಟು, ಬಿಡುಗಡೆಯ ಹಿಂದಿನ ರಾತ್ರಿ ಒಂಬತ್ತೂವರೆಗೆ, ನಾಯಕ, ನಿರ್ದೇಶಕ ಎಲ್ಲ ಬರುತ್ತಾರೆ, ನನ್ನ ಹತ್ತಿರ ಎರಡು ಪಾಸ್ ಇದೆ ಎಂದ. ಒಂದೇ ಷರತ್ತು. ಬರುವವರೆಲ್ಲ ಮೇಲಿಂದ ಕೆಳಗಿನವರೆಗೆ ಕಪ್ಪು ಬಟ್ಟೆ ಹಾಕಿಕೊಂಡಿರಬೇಕಂತೆ.

ಕಪ್ಪು ಶರ್ಟು ಇತ್ತು. ಕಪ್ಪು ಪ್ಯಾಂಟಿನ ಜಿಪ್ ಹೋಗಿತ್ತು. ಕಪ್ಪು ಮುಂಡು ಇತ್ತು, ಅದೂ ಈಗ ಫ್ಯಾಶನ್ನೇ ಅಲ್ವಾ ಎಂದು ಉಟ್ಟುಕೊಂಡೆ. ಹಾರರ್‌ಗೆ ಸರಿಹೋಗಲಿ ಎಂದು ಗಡ್ಡವನ್ನೂ ತೆಗೆದಿರಲಿಲ್ಲ. ತಿಂಗಳು ಯಾವುದು ಅಂದ್ರೆ ನವೆಂಬರ್ ಕೊನೆ. ವೃಶ್ಚಿಕ ಮಾಸ. ಶಬರಿಮಲೆಯ 41 ದಿನಗಳ ಮಂಡಲ ಕಾಲ. ಮುಂದಿನದನ್ನು ನೀವೇ ಊಹಿಸಬಹುದು.

ಬದಿಯಡ್ಕದಲ್ಲಿ ಕುಂಬಳೆ ಬಸ್ಸು ಹತ್ತಿದ ಕೂಡಲೇ ಕಂಡಕ್ಟರ್ ಭಕ್ತಿಯಿಂದ "ಸ್ವಾಮೀ, ಎವಿಡೇಕಾ?" ಎಂದು ಕೇಳಿದ. ಎಲ್ಲಿಗೆ ಅಂತ. ಈ ಬಸ್ಸಿನಲ್ಲಿ ಇಷ್ಟು ವರ್ಷ ಓಡಾಡಿದ್ದೇನೆ, ಒಬ್ಬ ಕಂಡಕ್ಟರ್ ನನ್ನನ್ನು ನೋಡಿ ನಕ್ಕಿದ್ದು ಅದೇ ಮೊದಲು. ಒಬ್ಬರು ಹೆಂಗಸು ಮಗುವನ್ನು ಮಡಿಲಿಗೆ ಎಳೆದುಕೊಂಡು ನನಗೆ ಜಾಗ ಮಾಡಿಕೊಟ್ಟರು. ನಾನು "ಇಲ್ಲ, ನಾನು ಸ್ವಾಮಿ ಅಲ್ಲ" ಎಂದು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಸೀಟಿನ ಅಜ್ಜ, "ಈ ಸಲ ನಿಲಕ್ಕಲ್‌ನಲ್ಲಿ ಭಾರೀ ರಶ್ಶಂತೆ, ಜಾಗ್ರತೆ" ಎಂದು ಬುದ್ಧಿ ಹೇಳಿದರು. ಸೀತಾಂಗೋಳಿ ಬರುವವರೆಗೂ ಅವರು ತಮ್ಮ ಕಾಲದಲ್ಲಿ ಎರುಮೇಲಿಯಿಂದ ಶಬರಿಮಲೆಗೆ ನಡೆದೇ ಹೋದ ಕತೆ ಹೇಳಿದರು. ನಡುವೆ ಬಾಯಿ ಹಾಕಿ "ನಾನು ದೆವ್ವದ ಸಿನಿಮಾಕ್ಕೆ ಹೋಗುವವ" ಎನ್ನುವುದು ಯಾಕೋ ಸರಿ ಕಾಣಲಿಲ್ಲ.

ಕುಂಬಳೆಯಲ್ಲಿ ಇಳಿದಾಗ ಹೊಟ್ಟೆ ಚುರುಗುಟ್ಟುತ್ತಿತ್ತು. ಹೈವೇ ಬದಿಯ ಗೂಡಂಗಡಿಗೆ ಹೋಗಿ ಡಬಲ್ ಆಮ್ಲೆಟ್ ಹೇಳಿದೆ. ಅಂಗಡಿಯ ಇಕ್ಕ (ನಮ್ಮ ಕಡೆ ಮುಸ್ಲಿಂ ಅಣ್ಣಂದಿರನ್ನು ಕರೆಯುವುದು ಹಾಗೆ) ಕೈಯಲ್ಲಿದ್ದ ಮೊಟ್ಟೆಯನ್ನು ಮೆಲ್ಲನೆ ವಾಪಸು ಟ್ರೇಯಲ್ಲಿಟ್ಟರು. ನನ್ನ ಮುಖ ನೋಡಿದರು, ಮುಂಡು ನೋಡಿದರು.

"ಬೇಡ ಸ್ವಾಮಿ" ಎಂದರು.

"ನಾನು ಮಾಲೆ ಹಾಕಿಲ್ಲ ಇಕ್ಕ, ನೋಡಿ ಕುತ್ತಿಗೆ."

"ಹಸಿವಾದಾಗ ಎಲ್ಲರೂ ಹೀಗೇ ಹೇಳುವುದು. ನನ್ನ ಅಂಗಡಿಯಲ್ಲಿ ವ್ರತ ಕೆಡುವುದು ಬೇಡ."

ಎರಡು ನೇಂದ್ರಬಾಳೆ ಹಣ್ಣು ಮತ್ತು ಒಂದು ಹಾಲಿಲ್ಲದ ಕಟ್ಟನ್ ಚಾಯ ಮುಂದಿಟ್ಟರು. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಪಕ್ಕದಲ್ಲಿ ಒಬ್ಬ ಕೆಂಪು ಟೀ ಶರ್ಟಿನವ ನನ್ನ ಆಮ್ಲೆಟನ್ನು, ಅಂದ್ರೆ ನನ್ನದಾಗಬೇಕಿದ್ದ ಆಮ್ಲೆಟನ್ನು, ಪೆಪ್ಪರ್ ಜಾಸ್ತಿ ಹಾಕಿಸಿಕೊಂಡು ತಿನ್ನುತ್ತಿದ್ದ. ಅಷ್ಟರಲ್ಲಿ ಕಿವಿಯ ಹತ್ತಿರವೇ ಬುಸ್ ಎಂದು ಏರ್ ಬ್ರೇಕ್ ಬಿಟ್ಟು ಮಂಗಳೂರು ಬಸ್ಸು ನಿಂತಿತು. ಚಾಯ ಮುಂಡಿನ ಮೇಲೆ ಚೆಲ್ಲಿತು. ಕಪ್ಪು ಬಟ್ಟೆಯಿಂದ ಆದ ಒಂದೇ ಲಾಭ ಅಂದ್ರೆ ಕಲೆ ಕಾಣಲಿಲ್ಲ.

ಹಾರರ್ ಹುಚ್ಚಿನವರಿಗೆ ಈ 'ಬುಸ್' ದೊಡ್ಡ ವಿಷಯ. 1942ರಲ್ಲಿ 'ಕ್ಯಾಟ್ ಪೀಪಲ್' ಅಂತ ಒಂದು ಸಿನಿಮಾ ಬಂತು. ಅದರಲ್ಲಿ ಒಬ್ಬಳು ರಾತ್ರಿ ಒಂಟಿಯಾಗಿ ನಡೆದು ಬರುತ್ತಿರುತ್ತಾಳೆ, ಹಿಂದೆ ಯಾರದೋ ಹೆಜ್ಜೆ ಸಪ್ಪಳ, ಆಮೇಲೆ ಅದೂ ನಿಂತುಹೋಗುತ್ತದೆ, ಈಗ ಕಪ್ಪು ಚಿರತೆ ಹಾರುತ್ತದೆ ಎಂದು ನಾವು ಉಸಿರು ಬಿಗಿ ಹಿಡಿದು ಕೂತಿರುವಾಗ ಬುಸ್ ಎಂದು ಒಂದು ಬಸ್ಸು ಬಂದು ನಿಲ್ಲುತ್ತದೆ. ಅಷ್ಟೇ. ಬರೀ ಬಸ್ಸು. ಆದರೆ ಜನ ಕುರ್ಚಿಯಿಂದ ಎದ್ದುಬಿದ್ದರು. ನಿರ್ಮಾಪಕ ವಾಲ್ ಲ್ಯೂಟನ್. ಅಂದಿನಿಂದ ಇಂಥ ಪುಕ್ಕಟೆ ಬೆಚ್ಚಿಬೀಳಿಸುವಿಕೆಗೆ 'ಲ್ಯೂಟನ್ ಬಸ್' ಎಂದೇ ಹೆಸರಾಯಿತು. ಬಾಗಿಲ ಹಿಂದಿನಿಂದ ಹಾರುವ ಬೆಕ್ಕು, ಇದ್ದಕ್ಕಿದ್ದಂತೆ ಬಡಿದುಕೊಳ್ಳುವ ಕಿಟಕಿ, ಎಲ್ಲ ಆ ಬಸ್ಸಿನ ಮೊಮ್ಮಕ್ಕಳೇ.

ಬಂದ್ಯೋಡು, ಉಪ್ಪಳ, ಹೊಸಂಗಡಿ, ತಲಪಾಡಿ. ದಾರಿಯಲ್ಲಿ ವಿಶೇಷ ಏನಿಲ್ಲ.

ಮಾಲ್‌ನಲ್ಲಿ ಥಿಯೇಟರಿನ ಎದುರಿನ ಜಾಗವನ್ನೆಲ್ಲ ಸ್ಮಶಾನ ಮಾಡಿಟ್ಟಿದ್ದರು. ಥರ್ಮಾಕೋಲಿನ ಸಮಾಧಿಗಳು, ಹೊಗೆಯ ಯಂತ್ರ, ಮೂಲೆಯಲ್ಲಿ ಒಂದು ಮೇಜು. ಮೇಜಿನ ಮೇಲೆ ಗಾಜಿನ ಟ್ಯೂಬುಗಳಲ್ಲಿ 'ರಕ್ತ'. ಕುಡಿದು ನೋಡಿದರೆ ಪುನರ್ಪುಳಿ (ಕೋಕಂ) ಶರಬತ್ತು! ಒಳ್ಳೆ ಜೀರಿಗೆ, ಉಪ್ಪು ಹಾಕಿ ಮಾಡಿದ್ದರು. ಕಪ್ಪು ರೇಷ್ಮೆ ಸೀರೆ ಉಟ್ಟ ಒಬ್ಬರು ಆಂಟಿ ಅದನ್ನು ಕುಡಿದು ಟ್ಯೂಬ್ ಕೆಳಗಿಟ್ಟು, "ಪಿತ್ತಕ್ಕೆ ಒಳ್ಳೆಯದು" ಎಂದು ಗಂಡನಿಗೂ ಕುಡಿಸಿದರು. ಅವರನ್ನು ನೋಡಿ ಉಳಿದವರೂ ಶುರು ಮಾಡಿದರು. ರಕ್ತ ಖಾಲಿಯಾಯಿತು. ಸ್ಮಶಾನದ ಗಾಂಭೀರ್ಯವೂ ಅಲ್ಲಿಗೆ ಖಾಲಿ.

ಒಳಗೆ ಹೋಗುವ ಓಣಿಯಲ್ಲಿ ಲೈಟ್ ಆರಿಸಿ, ಪರದೆಯ ಹಿಂದೆ ಒಂದು ದೆವ್ವವನ್ನು ನಿಲ್ಲಿಸಿದ್ದರು. ಬಂದವರ ಮೇಲೆ ಅದು ಹಾರಬೇಕು, ಅವರ ಮುಖವನ್ನು ಕ್ಯಾಮರಾ ಹಿಡಿಯಬೇಕು, ಆಮೇಲೆ ಅದನ್ನು ಪ್ರಚಾರಕ್ಕೆ ಹಾಕಬೇಕು. ನನ್ನ ಮುಂದಿದ್ದವರೆಲ್ಲ ಹೊಟ್ಟೆ ತುಂಬ ಕಿರುಚಿ ಒಳಗೆ ಹೋದರು. ನಾನು ಬೆಳಗ್ಗಿನಿಂದ ಕಾಯುತ್ತಿದ್ದುದು ಇದನ್ನೇ ತಾನೇ? ಮೆಲ್ಲನೆ ಹೆಜ್ಜೆ ಹಾಕಿದೆ. ಪರದೆ ಅಲುಗಿತು. ಬಿಳಿ ಸೀರೆ, ಮಂಡಿಯವರೆಗೆ ಚೌರಿ ಕೂದಲು, ಕಣ್ಣ ಸುತ್ತ ಕಾಡಿಗೆ, ಯಕ್ಷಗಾನದ ಸ್ತ್ರೀವೇಷ ಕಟ್ಟಿ ಅಭ್ಯಾಸ ಇರುವ ಹುಡುಗನೇ ಇರಬೇಕು, ಅಷ್ಟು ಚಂದದ ಲಾಗ ಹಾಕಿ ನನ್ನ ಎದುರಿಗೆ ಬಂದು ಬಾಯಿ ತೆರೆಯಿತು.

ತೆರೆದ ಬಾಯಿ ಹಾಗೇ ಮುಚ್ಚಿತು. ದೆವ್ವ ಎರಡು ಹೆಜ್ಜೆ ಹಿಂದೆ ಸರಿದು, ಕೈ ಮುಗಿದು, "ಈರ್ ಮುಲ್ಪ ದಾಯೆ ಸ್ವಾಮಿ?" ಎಂದಿತು. ನೀವಿಲ್ಲಿ ಯಾಕೆ ಸ್ವಾಮಿ ಅಂತ.

ಗೆಳೆಯ ಹಿಂದಿನಿಂದ ನಗುತ್ತ ನೆಲಕ್ಕೆ ಕೂತಿದ್ದ. ನಾನು ದೆವ್ವಕ್ಕೆ ಸಮಾಧಾನ ಹೇಳಬೇಕಾಯಿತು.

ಸಿನಿಮಾ ಇನ್ನಾದರೂ ಶುರುವಾಗುತ್ತದಾ ಅಂದ್ರೆ, ಭಾಷಣ. ಆಲ್ಫ್ರೆಡ್ ಹಿಚ್‌ಕಾಕ್ 1960ರಲ್ಲಿ 'ಸೈಕೋ' ಬಿಡುಗಡೆ ಮಾಡಿದಾಗ, ಸಿನಿಮಾ ಶುರುವಾದ ಮೇಲೆ ಒಬ್ಬರನ್ನೂ ಒಳಗೆ ಬಿಡಬಾರದು ಎಂದು ಥಿಯೇಟರ್‌ಗಳಿಗೆ ಕಟ್ಟಪ್ಪಣೆ ಮಾಡಿದ್ದ. ಇಲ್ಲಿ ಪ್ರೇಕ್ಷಕರೆಲ್ಲ ಸಮಯಕ್ಕೆ ಸರಿಯಾಗಿ ಬಂದಿದ್ದರು, ತಡವಾಗಿ ಬಂದದ್ದು ಸಿನಿಮಾ. ಶಾಲು, ಪುಷ್ಪಗುಚ್ಛ, ಸ್ಮರಣಿಕೆ ಎಲ್ಲ ಮುಗಿದು ದೀಪ ಆರುವಾಗ ಹತ್ತೂಕಾಲು ದಾಟಿತ್ತು.

ನನ್ನ ಅಭಿಪ್ರಾಯ ಕೇಳಿದರೆ, ದೆವ್ವದ ಸಿನಿಮಾಕ್ಕೆ ಪ್ರೀಮಿಯರ್ ಇಡಲೇಬಾರದು. ಉಳಿದ ಸಿನಿಮಾಕ್ಕೆ ಸರಿ, ಶಿಳ್ಳೆ ಇದ್ದಷ್ಟೂ ಚಂದ. ಆದರೆ ಇದಕ್ಕೆ ಬೇಕಾದದ್ದು ಮೌನ, ಅಲ್ವಾ? ಸುಮ್ನೆ ಕೂತವನಿಗೆ ಮಾತ್ರ ಬಾಗಿಲು ಕಿರುಗುಟ್ಟಿದ್ದು ಕೇಳಿಸುತ್ತದೆ. ಅಲ್ಲಿ ನಾಯಕ ಪಾಳುಬಾವಿಯೊಳಗೆ ಇಣುಕಿದರೆ ಅಭಿಮಾನಿಗಳು "ಬಾಸ್!" ಎಂದು ಕೂಗುತ್ತಾರೆ. ದೆವ್ವದ ಕೈ ಕಂಡರೆ ದೆವ್ವದ ಪಾತ್ರ ಮಾಡಿದವಳ ಮನೆಯವರು, ಅವರು ಮೂರನೇ ಸಾಲಿನಲ್ಲಿ ಪೂರ್ತಿ ಕೂತಿದ್ದರು, ಚಪ್ಪಾಳೆ ತಟ್ಟುತ್ತಾರೆ.

ಇಡೀ ಸಿನಿಮಾದಲ್ಲಿ ಒಂದೇ ಒಂದು ಜಾಗದಲ್ಲಿ ಎಲ್ಲರೂ ಬಾಯಿ ಮುಚ್ಚಿದರು. ನಾಯಕಿ ಒಂಟಿಯಾಗಿ ಕತ್ತಲ ಕೋಣೆಯಲ್ಲಿದ್ದಾಳೆ. ಸಂಗೀತ ನಿಂತಿದೆ. ಬೆನ್ನ ಹಿಂದಿನ ಕಪಾಟು ಮೆಲ್ಲನೆ ತೆರೆದುಕೊಳ್ಳುತ್ತಿದೆ. ಆಗ ನನ್ನ ಪಕ್ಕದವರು ಚಿಪ್ಸ್ ಪ್ಯಾಕೆಟ್ ತೆರೆಯಲು ಹೊರಟರು. ಸಭ್ಯರು, ಪಾಪ. ಯಾರಿಗೂ ತೊಂದರೆ ಆಗಬಾರದೆಂದು ತುಂಬ ನಿಧಾನವಾಗಿ, ಎರಡು ಬೆರಳಲ್ಲಿ ಹಿಡಿದು, ಒಂದೊಂದೇ ಎಳೆ ಎಳೆಯುತ್ತಿದ್ದರು. ಕ್ರ್. ನಿಲ್ಲಿಸುತ್ತಿದ್ದರು. ಮತ್ತೆ ಕ್ರ್. ನಮ್ಮ ಸಾಲಿನವರು ಕಪಾಟನ್ನು ನೋಡುವುದು ಬಿಟ್ಟು ಅವರ ಕೈಯನ್ನೇ ನೋಡುತ್ತಿದ್ದೆವು. ಕಪಾಟು ಪೂರ್ತಿ ತೆರೆಯುವುದಕ್ಕೂ ಪ್ಯಾಕೆಟ್ ಢಬ್ ಎಂದು ಒಡೆಯುವುದಕ್ಕೂ ಸರಿಹೋಯಿತು. ಥಿಯೇಟರಿಗೆ ಥಿಯೇಟರೇ ಬೊಬ್ಬೆ ಹಾಕಿತು. ನಾಲ್ಕನೇ ಸಾಲಿನವರೆಗೆ ಬಾಳೆಕಾಯಿ ಚಿಪ್ಸ್ ಸಿಡಿದಿತ್ತು. ಅಂದಿನ ಲ್ಯೂಟನ್ ಬಸ್ ಅದೇ. ಮುಂದೆ ಕೂತಿದ್ದ ನಿರ್ದೇಶಕರು ಬೊಬ್ಬೆ ಕೇಳಿ, ತಿರುಗಿ ನಮ್ಮ ಕಡೆ ತೃಪ್ತಿಯಿಂದ ಹೆಬ್ಬೆರಳು ಎತ್ತಿದರು.

ಸಿನಿಮಾ ಬಿಟ್ಟಾಗ ರಾತ್ರಿ ಹನ್ನೆರಡೂ ಮುಕ್ಕಾಲು. ಗೆಳೆಯ ಅವನ ರೂಮಿನಲ್ಲೇ ಉಳಿಯಲು ಹೇಳಿದ. ಆದರೆ ಬೆಳಗ್ಗೆ ಏಳಕ್ಕೆ ನಮ್ಮಲ್ಲಿ ಅಡಿಕೆ ಕೊಯ್ಲಿನವರು ಬರುವವರಿದ್ದರು. ಅವರನ್ನು ಒಮ್ಮೆ ಕೈಬಿಟ್ಟರೆ ಮತ್ತೆ ಹಿಡಿಯುವುದು ಎಷ್ಟು ಕಷ್ಟ ಅನ್ನುವುದು ತೋಟ ಇದ್ದವರಿಗೆ ಗೊತ್ತು. ರೈಲು ಅಂದ್ರೆ ಬೆಳಗಿನ ಐದರ ಪರಶುರಾಮ್ ವರೆಗೆ ಕಾಯಬೇಕು. ಅವನು ಬೈಕಿನಲ್ಲಿ ಪಂಪ್‌ವೆಲ್ ಹತ್ತಿರ ಬಿಟ್ಟು ಹೋದ. ಬಸ್ಸಿಲ್ಲ. ಸಿನಿಮಾದ ಬಸ್ಸು ಬೇಡದ ಹೊತ್ತಿಗೆ ಬರುತ್ತದೆ, ನಮ್ಮದು ಬೇಕಾದ ಹೊತ್ತಿಗೆ ಬರುವುದಿಲ್ಲ.

ಬಂದದ್ದು ಒಂದು ಟೆಂಪೊ ಟ್ರಾವೆಲರ್. ಮುಂದೆ ಚೆಂಡುಹೂವಿನ ಮಾಲೆ, ಒಳಗೆ ಭಜನೆ, ತುಂಬ ಕಪ್ಪು ಬಟ್ಟೆ. "ಒಬ್ರ ನಿಂತೀರಲ್ರೀ ಸ್ವಾಮಿ? ಹತ್ರಿ, ಹತ್ರಿ" ಎಂದರು. ಹಾವೇರಿ ಕಡೆಯವರು. ಈ ಸಲ ನಾನು ಹತ್ತುವ ಮೊದಲೇ ಸ್ಪಷ್ಟವಾಗಿ ಹೇಳಿದೆ: ನಾನು ಮಾಲಾಧಾರಿ ಅಲ್ಲ, ದೆವ್ವದ ಸಿನಿಮಾ ನೋಡಿ ಬರುತ್ತಿರುವವ, ಕುಂಬಳೆಯಲ್ಲಿ ಇಳಿಸಿದರೆ ಸಾಕು. ಗುರುಸ್ವಾಮಿಗಳು ನಕ್ಕು, "ನಮಗ ಎಲ್ಲಾರೂ ಸ್ವಾಮೀನ. ಕುಂಡ್ರಿ" ಎಂದರು. ಅವರಿಗದು ಹದಿನೆಂಟನೇ ವರ್ಷ. ಹದಿನೆಂಟನೇ ಸಲ ಮಲೆ ಹತ್ತುವವರು ತೆಂಗಿನ ಸಸಿ ಒಯ್ದು ಅಲ್ಲಿ ನೆಡುವ ಕ್ರಮ ಉಂಟು. ಆ ಸಸಿಯನ್ನು ಗೋಣಿ ಸುತ್ತಿ ಸೀಟಿನ ಮೇಲೆ ಕೂರಿಸಿದ್ದರು. ನನ್ನ ಜಾಗ ಅದರ ಪಕ್ಕ.

ನೇತ್ರಾವತಿ ಸೇತುವೆ ದಾಟುವಾಗ ಚಾಲಕ ಭಜನೆಯ ಸದ್ದು ಕಡಿಮೆ ಮಾಡಿದ. "ಸ್ವಾಮಿ, ಆ ಪಿಚ್ಚರ್ ಕಥಿ ಏನ್ರೀ?"

ಗುರುಸ್ವಾಮಿಗಳು ಬೇಡ ಅನ್ನುತ್ತಾರೆ ಎಂದುಕೊಂಡೆ. ಅವರು ಮುಂದೆ ಬಾಗಿ ಕೂತರು.

ಹೇಳತೊಡಗಿದೆ. ಥಿಯೇಟರಿನಲ್ಲಿ ಸಿಗದ ಮೌನ ಆ ಗಾಡಿಯಲ್ಲಿತ್ತು. ಹೊರಗೆ ಕತ್ತಲು, ಒಳಗೆ ಒಂದು ಸಣ್ಣ ನೀಲಿ ಬಲ್ಬು, ಹಿಂದಿನ ಸೀಟಿನವರೂ ನಿದ್ದೆ ಬಿಟ್ಟು ಎದ್ದಿದ್ದರು. ಬಾವಿ ಆಯಿತು, ಅಟ್ಟ ಆಯಿತು. ನನಗೇ ಗೊತ್ತಿಲ್ಲದೆ ಸಿನಿಮಾದಲ್ಲಿ ಇಲ್ಲದ ಒಂದು ತೊಟ್ಟಿಲನ್ನೂ ಸೇರಿಸಿದ್ದೆ, ಅದು ತಾನಾಗಿ ತೂಗುತ್ತಿತ್ತು. ಹೇಳುತ್ತ ಹೇಳುತ್ತ ನನ್ನ ಕೈಯ ರೋಮವೇ ನಿಮಿರಿತು. ಕಪಾಟಿನ ಬಾಗಿಲು ತೆರೆಯುವ ಜಾಗಕ್ಕೆ ಬಂದಾಗ ದನಿ ಇಳಿಸಿದೆ. ಅಷ್ಟರಲ್ಲಿ ರಸ್ತೆಗೆ ಅಡ್ಡವಾಗಿ ಒಂದು ದನ ಬಂದು ಚಾಲಕ ಬ್ರೇಕ್ ಒತ್ತಿದ. ತೆಂಗಿನ ಸಸಿ ಮುಂದಕ್ಕೆ ವಾಲಿ, ಅದರ ಗರಿ ಗುರುಸ್ವಾಮಿಗಳ ಕುತ್ತಿಗೆಯನ್ನು ಸವರಿತು.

ಹದಿನೆಂಟು ವರ್ಷದ ಶರಣು ಘೋಷದ ಗಂಟಲು ಅದು. ಎಂಥ ಕೂಗು ಅಂತೀರಿ!

ಆಮೇಲೆ ಕುಂಬಳೆ ಯಾವಾಗ ಬಂತು, ಹೋಯಿತು, ಒಬ್ಬರಿಗೂ ಗೊತ್ತಿಲ್ಲ. ಮೊಗ್ರಾಲ್ ಸೇತುವೆ ದಾಟಿದ ಮೇಲೆ ನಾನು ನೆನಪಿಸಿದರೆ, "ಈಗ ಇಳೀಬ್ಯಾಡ್ರಿ, ಅಕಿ ಯಾಕ ಸತ್ಲು ಅಂತ ಹೇಳೇ ಇಲ್ಲಲ್ಲ" ಎಂದರು. ಹೇಗೂ ಅವರು ಮಧೂರು ಗಣಪತಿಯ ದರ್ಶನ ಮಾಡಿ ಮುಂದೆ ಹೋಗುವವರು, ಅಲ್ಲಿಂದ ನನಗೆ ಬೆಳಗಿನ ಬಸ್ಸು ಸಿಗುತ್ತದೆ ಎಂದು ಲೆಕ್ಕ ಹಾಕಿ ಕೂತೆ. ಕತೆ ಮುಗಿಯುವಾಗ ಗಾಡಿ ಮಧೂರಿನಲ್ಲಿತ್ತು. ದೇವಸ್ಥಾನದ ಎದುರೇ ಮಧುವಾಹಿನಿ ಹೊಳೆ. ಸ್ನಾನ ಮಾಡಬೇಕು, ಆದರೆ ಯಾರೂ ಟ್ಯೂಬ್‌ಲೈಟಿನ ಬೆಳಕು ಬಿಟ್ಟು ಕದಲುತ್ತಿಲ್ಲ. ಒಬ್ಬರು ಇನ್ನೊಬ್ಬರಿಗೆ "ನೀವು ಹಿರಿಯರು, ಮೊದಲು ನೀವು" ಎಂದು ಮರ್ಯಾದೆ ಕೊಡುತ್ತಿದ್ದಾರೆ. ಕೊನೆಗೆ ಗುರುಸ್ವಾಮಿಗಳು ನನ್ನ ಕಡೆ ತಿರುಗಿ, "ನೀವ ಮುಂದ ನಡೀರಿ. ಕಥಿ ಗೊತ್ತಿದ್ದವರು ನೀವು" ಎಂದರು.

ಕೊಯ್ಲಿನವರು ಇನ್ನೂ ಬೆಳಕು ಹರಿಯುವ ಮೊದಲೇ ಫೋನ್ ಮಾಡಿ, ಇವತ್ತು ಬೇಗ ಬರುತ್ತೇವೆ, ಎಲ್ಲಿದ್ದೀರಿ ಎಂದು ಕೇಳಿದಾಗ, ನಾನು ಮುಂಡು ಎತ್ತಿಕಟ್ಟಿ, ಮೊಣಕಾಲು ನೀರಿನಲ್ಲಿ ಟಾರ್ಚ್ ಹಿಡಿದು ನಿಂತು, ಸ್ವಾಮಿಗಳನ್ನು ಒಬ್ಬೊಬ್ಬರಾಗಿ ಕೈ ಹಿಡಿದು ಹೊಳೆಗೆ ಇಳಿಸುತ್ತಿದ್ದೆ.