ವಿದ್ಯುತ್ ತಂತಿಯ ರೇಡಿಯೊ ಊರಿಡೀ ಕೇಳಿಸುವುದಿಲ್ಲ: ಸ್ಪಷ್ಟನೆ

ಮನೆಯ ಪ್ಲಗ್‌ಗೆ ಸಣ್ಣ ಟ್ರಾನ್ಸ್‌ಮಿಟರ್ ಜೋಡಿಸಿದರೆ ವಿದ್ಯುತ್ ತಂತಿಗಳ ಮೂಲಕ ಊರಿಡೀ ರೇಡಿಯೊ ಕೇಳಿಸಬಹುದು, ಅಲೆಗಳು ತಂತಿಯೊಳಗೇ ಉಳಿಯುವುದರಿಂದ ನಿಯಮಗಳೂ ಅನ್ವಯಿಸುವುದಿಲ್ಲ ಎಂಬ ಮಾತು ಹರಡುತ್ತಿದೆ. ಎರಡೂ ತಪ್ಪು. 50 ಅಥವಾ 60 ಹರ್ಟ್ಸ್‌ಗಾಗಿ ರೂಪಿಸಿದ ವಿತರಣಾ ಟ್ರಾನ್ಸ್‌ಫಾರ್ಮರ್ ಮಧ್ಯಮ ತರಂಗದ (ಎಎಂ ರೇಡಿಯೊದ) ನೂರಾರು ಕಿಲೋಹರ್ಟ್ಸ್ ಸಂಕೇತವನ್ನು ಬಹುಮಟ್ಟಿಗೆ ತಡೆಯುವುದರಿಂದ, ಪ್ರಸಾರವು ಸಾಮಾನ್ಯವಾಗಿ ಅದಕ್ಕೆ ಸೇರಿದ ಕಟ್ಟಡಗಳಿಗಷ್ಟೇ ಸೀಮಿತವಾಗುತ್ತದೆ. 1936ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಆರಂಭಿಸಿದ ಪ್ರಸಾರವೂ ಕ್ಯಾಂಪಸ್ಸಿಗಾಗಿಯೇ ಇತ್ತು. ತಂತಿಯೂ ಆಂಟೆನಾದಂತೆ ಅಲೆ ಸೂಸುತ್ತದೆ. ಆದ್ದರಿಂದಲೇ ಅಮೆರಿಕದಲ್ಲಿ, ತಂತಿಯಿಂದ ನಿಗದಿತ ದೂರದಲ್ಲಿ ಕ್ಷೇತ್ರಬಲವು (ಅಲೆಯ ತೀವ್ರತೆ) ಮೀಟರಿಗೆ 15 ಮೈಕ್ರೋವೋಲ್ಟ್ ಮೀರಬಾರದೆಂಬ ಮಿತಿಯಿದೆ. ಟ್ರಾನ್ಸ್‌ಮಿಟರನ್ನು ಲೈನಿಗೆ ಜೋಡಿಸುವ ಕೆಪಾಸಿಟರ್ ಎಂಬ ಬಿಡಿಭಾಗವು ರೇಡಿಯೊ ಸಂಕೇತವನ್ನು ಹಾಯಲು ಬಿಟ್ಟು ಮನೆಯ ವಿದ್ಯುತ್ತನ್ನು ತಡೆಯುತ್ತದೆ. ಇವೆಲ್ಲಕ್ಕಿಂತ ಆತಂಕಕಾರಿಯಾದುದು, ಇದಕ್ಕೆ ‘ಯಾವ ಕೆಪಾಸಿಟರ್ ಆದರೂ ಸಾಕು’ ಎಂಬ ಸಲಹೆ: ಮನೆಯ ವಿದ್ಯುತ್ ಲೈನಿಗೆಂದೇ ಪ್ರಮಾಣೀಕರಿಸದ ಕೆಪಾಸಿಟರ್ ಒಳಗೇ ಶಾರ್ಟ್ ಆದರೆ, ಲೈನಿನ ಪೂರ್ಣ ವೋಲ್ಟೇಜ್ ಉಪಕರಣದ ಹೊರಕವಚಕ್ಕೂ ಮೈಕಿಗೂ ಹರಿದು ಪ್ರಾಣ ತೆಗೆಯಬಲ್ಲದು.